ಕಾಶವ್ವನ ಮನೆ, ಎರಡು ಜನ

ನಾನು ಈ ಊರಿಗೆ ಬಂದ ಮೊದಲ ಆರು ದಿನ ನನ್ನನ್ನು ಯಾರೂ ನೋಡಲಿಲ್ಲ. ಗಮನಿಸಲಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ನಾನು ಯಾರ ಕಣ್ಣಿಗೂ ಕಾಣಲಿಲ್ಲ. ಬಂದದ್ದು ಶನಿವಾರ, ಇಲ್ಲಿ ಪೇಪರು ಹೊರಡುವುದು ಶುಕ್ರವಾರ. ಊರ ಮುಂದಿನ ಅಗಸೆ ಬಾಗಿಲು ದಾಟಿದೊಡನೆ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ನಾನು ನಿಂತಿದ್ದ ದಿಕ್ಕಿಗೆ ಸುಮಾರಾಗಿ ಮುಖ ತಿರುಗಿಸಿ, "ಹೊಸಬರೇನ್ರಿ? ತೊಗೋರಿ, ಕಾಲಿಗೆ ಕಟ್ಟಿಕೊಳ್ರಿ. ಇಲ್ಲಾಂದ್ರ ಎತ್ತು ಬಂದು ಹಾಯ್ತಾವ" ಎಂದು ಒಂದು ಜೊತೆ ಗೆಜ್ಜೆ ಚಾಚಿದ. ನನ್ನ ಕೈ ನನಗೆ ಕಾಣುತ್ತಿತ್ತು. ಅವನ ಕಣ್ಣು ಮಾತ್ರ ನನ್ನ ಕಿವಿಯ ಪಕ್ಕದಿಂದ ಹಾದು ಬಯಲಿಗೆ ಹೋಗುತ್ತಿತ್ತು. ಆರು ದಿನ ಝಲ್ ಝಲ್ ಎನ್ನುತ್ತಾ ಓಡಾಡಿದೆ. ಖಾನಾವಳಿಯಲ್ಲಿ ಊಟ ಬಡಿಸಿದರು, ಹಾಸಿಗೆ ಹಾಸಿಕೊಟ್ಟರು, ಒಬ್ಬರೂ ಹೆಸರು ಕೇಳಲಿಲ್ಲ. ಕಾಣದವರನ್ನು ಹೆಸರು ಕೇಳುವುದು ಇಲ್ಲಿ ದೊಡ್ಡ ಅಸಭ್ಯತೆ. ಶುಕ್ರವಾರ ತಾನಾಗಿ ಬರುತ್ತದೆ, ಅಲ್ಲಿಯವರೆಗೆ ಉಣ್ಣಲಿಕ್ಕೆ ಇಡಬೇಕು, ಅಷ್ಟೆ.

ಊರಿನ ಪೇಪರಿಗೆ ಒಂದು ಹೆಸರಿತ್ತು, ಯಾರೂ ಬಳಸುತ್ತಿರಲಿಲ್ಲ. ನಾಲ್ಕು ಪುಟ. ಎರಡರಲ್ಲಿ ಸುದ್ದಿ, ಎರಡರಲ್ಲಿ ಪಟ್ಟಿ. 'ಊರಲ್ಲಿರುವವು' ಎಂಬ ತಲೆಬರಹದ ಕೆಳಗೆ ಹೊಳೆ, ಸೇತುವೆ, ಅಗಸೆ, ನೀರಿನ ಟಾಕಿ, ಆಲದ ಮರ ಏಳು ಎಂದು ಶುರುವಾಗಿ, ಆಮೇಲೆ ಓಣಿ ಓಣಿಯಾಗಿ ಮನೆಗಳು: ಇಂಥವರ ಮನೆ, ಐದು ಜನ, ಇಂಥವರ ಮನೆ, ಮೂರು ಜನ. ಆ ವಾರದ ಪಟ್ಟಿಯಲ್ಲಿ ಇದ್ದದ್ದು ಕಾಣುತ್ತಿತ್ತು, ಇಲ್ಲದ್ದು ಕಾಣುತ್ತಿರಲಿಲ್ಲ. ಕೂಸು ಹುಟ್ಟಿದರೆ ಸೂಲಗಿತ್ತಿ ಕೈ ತೊಳೆದುಕೊಂಡವಳೇ ಪ್ರೆಸ್ಸಿಗೆ ಓಡಿ ಬರುತ್ತಿದ್ದಳು. ಶನಿವಾರ ಹೆತ್ತ ತಾಯಿ ಆರು ದಿನ ಕೂಸನ್ನು ಮುಟ್ಟಿ ಮುಟ್ಟಿಯೇ ಅದರ ಮೂಗು ಯಾರ ಹಾಗಿದೆ ಎಂದು ಜಗಳವಾಡುತ್ತಿದ್ದಳು. ಮದುವೆಗಳನ್ನೆಲ್ಲ ಗುರುವಾರ ಇಟ್ಟುಕೊಳ್ಳುತ್ತಿದ್ದರು. ಬೇರೆ ಊರಿನ ಸೊಸೆ ಬಂದರೆ, "ಹೆಂಗದಾಳ ಹುಡುಗಿ?" ಎಂದು ಕೇಳಿದವರಿಗೆ ಅತ್ತೆ, "ಬಳಿ ಸಪ್ಪಳ ಛಲೋ ಐತಿ. ಉಳಿದದ್ದು ನಾಳೆ ಮುಂಜಾನೆ" ಎನ್ನುತ್ತಿದ್ದಳು.

ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನು ನಾನು. ಮೊದಲ ಎರಡು ವರ್ಷ ಇದರ ಕಾರಣ ಹುಡುಕಿದೆ. ಕಾಣದ ವಸ್ತುವಿಗೆ ನೆರಳಿಲ್ಲ. ಅದರ ಮೇಲೆ ಹಿಟ್ಟು ಉದುರಿಸಿದರೆ ಹಿಟ್ಟೂ ಕಾಣದಾಗುತ್ತದೆ, ಒರೆಸಿ ತೆಗೆದರೆ ಮತ್ತೆ ಕಾಣುತ್ತದೆ. ಬಿಟ್ಟು ಉದುರಿದ್ದು ಮಾತ್ರ ಹೀಗೆ, ಪಟ್ಟಿಯಲ್ಲಿರುವವರು ಹಿಡಿದದ್ದು, ನಡೆಸಿದ್ದು ಕಾಣುತ್ತಲೇ ಇರುತ್ತದೆ. ಪೇಪರಿನ ಮೊದಲ ಪ್ರತಿ ಪ್ರೆಸ್ಸಿನ ಹೊಸ್ತಿಲು ದಾಟಿದ ಕ್ಷಣಕ್ಕೇ ಬದಲಾವಣೆ ನಡೆಯುತ್ತದೆ, ಅರ್ಧ ಸೆಕೆಂಡೂ ಆಚೀಚೆ ಇಲ್ಲ. ಊರ ಎಲ್ಲೆಯ ಕಲ್ಲು ದಾಟಿದರೆ ಈ ಯಾವುದೂ ಅನ್ವಯಿಸುವುದಿಲ್ಲ. ಇಷ್ಟನ್ನು ಅಳೆದು ಬರೆದಿಟ್ಟೆ. ಯಾಕೆ ಎಂಬುದರ ಪುಟ ಖಾಲಿಯಾಗಿಯೇ ಉಳಿಯಿತು. ಸಂಪಾದಕ ನೇಮಣ್ಣನವರನ್ನು ಒಮ್ಮೆ, "ಇಲ್ಲದ್ದನ್ನು ಪಟ್ಟಿಗೆ ಹಾಕಿದರೆ ಕಾಣುತ್ತದೆಯೇ?" ಎಂದು ಕೇಳಿದ್ದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿ, "ಈ ಪ್ರಶ್ನೆ ಕೇಳೋರನ್ನ ಹೊರಗ ಬಿಡಬಾರದು" ಎಂದು ನನಗೇ ಪಟ್ಟಿಯ ಕೆಲಸ ಕೊಟ್ಟರು. ಷರತ್ತು ಒಂದೇ: ಹೋಗಿ ಮುಟ್ಟಿ ನೋಡದೆ ಒಂದು ಅಂಕಿಯನ್ನೂ ಬದಲಿಸಕೂಡದು. ಅಂದಿನಿಂದ ನಾನು ಊರಿಗೆಲ್ಲ ಪಟ್ಟಿ ಮಾಸ್ತರ.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಯುದ್ಧ ಬಂತು.

ರಾಜಧಾನಿಯಿಂದ ದೇಶದ ಎಲ್ಲ ಸಂಪಾದಕರಿಗೂ ಒಂದು ಕಾಗದ ಹೋಯಿತು. ನಮಗೂ ಬಂತು. ಅದರಲ್ಲಿ ಸೇತುವೆ, ರೈಲು ನಿಲ್ದಾಣ, ನೀರಿನ ಟಾಕಿ, ಮಳೆ ಮೋಡದ ವರದಿ, ಸೈನಿಕರ ಬರುವಿಕೆ ಹೋಗುವಿಕೆ, ಬಿದ್ದ ವಿಮಾನಗಳು, ಹೀಗೆ ಯುದ್ಧ ಮುಗಿಯುವ ತನಕ ಅಚ್ಚು ಮಾಡಬಾರದ ಸಂಗತಿಗಳಿದ್ದವು. ಕೊನೆಗೆ, 'ಇದು ಆಜ್ಞೆಯಲ್ಲ. ಪಾಲಿಸದವರಿಗೆ ಶಿಕ್ಷೆಯಿಲ್ಲ. ಸಂಪಾದಕರು ತಾವಾಗಿಯೇ ಒಪ್ಪುವರೆಂದು ನಂಬಿದ್ದೇವೆ' ಎಂದಿತ್ತು. ಬರೆದವರಿಗೆ ನಮ್ಮ ಊರಿನ ವಿಷಯ ಗೊತ್ತಿರಲಾರದು. ಬೇರೆ ಊರಿನಲ್ಲಿ ಸೇತುವೆಯ ಹೆಸರು ಬಿಟ್ಟರೆ ವೈರಿ ಅದನ್ನು ಓದುವುದಿಲ್ಲ, ಅಷ್ಟೆ. ನಮ್ಮಲ್ಲಿ ಬಿಟ್ಟರೆ ಸೇತುವೆಯೇ ಯಾರಿಗೂ ಕಾಣುವುದಿಲ್ಲ.

ನೇಮಣ್ಣನವರು ಊರಿನವರನ್ನು ಪ್ರೆಸ್ಸಿನ ಅಂಗಳಕ್ಕೆ ಕರೆದರು. ಕಾಗದ ಓದಿದರು. "ಹುಕುಂ ಬಂದಿದ್ರ ಹರಿದು ಒಗೀತಿದ್ದೆ. ಕೇಳಿಕೊಂಡಾರ. ಕೇಳಿಕೊಂಡೋರಿಗೆ ಇಲ್ಲ ಅನ್ನೂದು ಕಷ್ಟ. ನೀವು ಏನಂತೀರಿ?"

ಒಬ್ಬ ನೇಕಾರ ಎದ್ದು, "ಟಾಕಿ ಕಾಣದಿದ್ರ ನಳದಾಗ ನೀರು ಬರ್ತಾವೋ ಇಲ್ಲೋ?" ಎಂದ.

"ನಿನ್ನ ಹೆಂಡ್ತಿ ಸಿಟ್ಟು ಕಾಣತೈತೇನೋ? ದಿನಾ ಬರೂದಿಲ್ಲೇನು?" ಎಂದಳು ಹಿಂದಿನಿಂದ ಬಾಳವ್ವ. ಅಂಗಳವೆಲ್ಲ ನಕ್ಕಿತು. ಬಾಳವ್ವ ಹೊಳೆದಂಡೆಯ ಓಣಿಯವಳು, ಎಣ್ಣೆ ಗಾಣದ ಒಡತಿ. ಅವಳ ಒಬ್ಬನೇ ಮಗ ಆಗಷ್ಟೇ ಸೈನ್ಯ ಸೇರಿದ್ದ. ನಗು ನಿಂತ ಮೇಲೆ ಅವಳೇ, "ನಮ್ಮ ಹುಡುಗರು ಅಲ್ಲಿ ಗುಂಡಿಗೆ ಎದಿ ಕೊಡ್ತಾರ. ನಾವು ಇಲ್ಲಿ ಕಣ್ಣು ಕೊಡೂಣು" ಎಂದಳು. ನೇಮಣ್ಣನವರು ಅರಿಶಿನ ದಾರ ತರಿಸಿ ಎಲ್ಲರೆದುರು ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡರು. "ಇದು ಬೇಡಿ ಅಲ್ಲ, ಕಂಕಣ. ನಾವ ಕಟ್ಟಿಕೊಂಡದ್ದು" ಎಂದರು. ಕತ್ತಲಾಗುವ ಹೊತ್ತಿಗೆ ಊರಿನ ಎಲ್ಲರ ಕೈಯಲ್ಲೂ ಆ ದಾರವಿತ್ತು. ನನ್ನ ಕೈಯಲ್ಲೂ.

ಮುಂದಿನ ಶುಕ್ರವಾರದ ಬೆಳಗ್ಗೆ ನಾನು ಹೊಳೆಯ ದಂಡೆಯಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಐದು ಗಂಟೆ ಐವತ್ತೊಂದು ನಿಮಿಷಕ್ಕೆ ಹದಿನಾಲ್ಕು ಕಮಾನಿನ ಆ ಕಲ್ಲಿನ ಸೇತುವೆ ಇರಲಿಲ್ಲ. ಸದ್ದಿಲ್ಲ, ಧೂಳಿಲ್ಲ. ಹೊಳೆಯ ಮೇಲಿನ ಬೆಳಗಿನ ಆಕಾಶ ಇದ್ದಕ್ಕಿದ್ದಂತೆ ಅಗಲವಾಯಿತು. ಸ್ವಲ್ಪ ಹೊತ್ತಿಗೆ ಹುಲ್ಲು ಹೇರಿದ ಗಾಡಿಯೊಂದು ದಂಡೆಗೆ ಬಂತು. ಗಾಡಿಯವನು ಎತ್ತುಗಳ ಬೆನ್ನು ತಟ್ಟಿ, ಕಣ್ಣು ಮುಚ್ಚಿಕೊಂಡು, "ಹೋಗ್ರಪ್ಪಾ, ನಿಮಗ ಗೊತ್ತೈತಿ" ಎಂದ. ಎತ್ತುಗಳು ಗಾಳಿಯ ಮೇಲೆ ಹೆಜ್ಜೆಯಿಟ್ಟವು. ನೀರಿನಿಂದ ನಲವತ್ತು ಅಡಿ ಮೇಲೆ ಎರಡು ಎತ್ತು, ಒಂದು ಗಾಡಿ, ಗಾಡಿಯ ತುಂಬ ಹುಲ್ಲು, ಗಾಲಿಗಳು ಕಲ್ಲಿನ ಮೇಲೆ ಉರುಳುವ ಸದ್ದು. ಉದುರಿದ ಒಂದು ಹಿಡಿ ಹುಲ್ಲು ನೀರಿಗೆ ಬೀಳದೆ ನಡುಗಾಳಿಯಲ್ಲಿ ನಿಂತು, ನೋಡುತ್ತಿದ್ದಂತೆ ತಾನೂ ಇಲ್ಲವಾಯಿತು. ನನ್ನ ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ಮುಗಿದರು. ನಾನೂ ಮುಗಿದೆ. ಯಾರಿಗೆ ಎಂದು ಕೇಳಿದರೆ ಇಂದಿಗೂ ಹೇಳಲಾರೆ.

ಒಂದು ತಿಂಗಳಲ್ಲಿ ಜನ ಒಗ್ಗಿಕೊಂಡರು. ಸೇತುವೆಯ ಎರಡು ತುದಿಗೂ ಗೂಟ ನೆಟ್ಟರು. ಟಾಕಿಯ ಕಾಲುಗಳಿಗೆ ತಲೆ ಬಡಿಸಿಕೊಂಡವರು ಅಲ್ಲಿಗೆ ಬಂದಾಗ ಕೈ ಮುಂದೆ ಚಾಚಿ ನಡೆಯುವುದನ್ನು ಕಲಿತರು. ನಾನು ಹನ್ನೊಂದು ವರ್ಷ ಬರೆದುಕೊಂಡು ಬಂದಿದ್ದ ಮೋಡ ಮಳೆಯ ಕಾಲಮ್ಮನ್ನು ನಿಲ್ಲಿಸಿದ ಮೇಲೆ ಆಕಾಶ ದಿನವೂ ಬರಿ ನೀಲಿಯಾಯಿತು. ಚಕ್ಕೆಯಷ್ಟೂ ಮೋಡವಿಲ್ಲದ ಬಾನಿನಿಂದ ಧಾರಾಕಾರ ಮಳೆ ಸುರಿಯಿತು. ಒಂದೊಂದು ಹನಿಯಲ್ಲೂ ಸೂರ್ಯನಿದ್ದ. ಕೆಲವು ಮಧ್ಯಾಹ್ನ ಕಣ್ಣು ಕುಕ್ಕುವ ಬಿಸಿಲಿದ್ದೂ ಮೈಗೆ ತಂಪಾಗುತ್ತಿತ್ತು. ಮೇಲೆ ಕಾಣದ ಮೋಡವೊಂದು ಹಾಯುತ್ತಿದೆ ಎಂದು ಜನ ತಲೆ ಎತ್ತದೆಯೇ ತಿಳಿಯುತ್ತಿದ್ದರು. ಉಷ್ಣತೆ ತಡೆದು ಬೆಳಕನ್ನು ಬಿಡುವ ಮೋಡ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ನನ್ನ ಬೆನ್ನಿನ ಮೇಲೆ ಅದು ಹಾದುಹೋದದ್ದು ನಿಜ.

ವೈರಿಯ ವಿಮಾನಗಳೂ ಬಂದವು. ಪಟ್ಟಿಯಲ್ಲಿಲ್ಲದ್ದರಿಂದ ಅವೂ ನಮಗೆ ಕಾಣಲಿಲ್ಲ, ಕೇಳಿದವು ಅಷ್ಟೆ. ಬರಿಯ ನೀಲಿಯಲ್ಲಿ ಭೋರ್ಗರೆತ ಒಂದು ಸುತ್ತು ಹಾಕುತ್ತಿತ್ತು, ಇನ್ನೊಂದು ಸುತ್ತು ಹಾಕುತ್ತಿತ್ತು, ಸೇತುವೆ ಸಿಗದೆ ಮರಳುತ್ತಿತ್ತು. ನಾವು ಅವರನ್ನು ಕಾಣದೆ, ಅವರು ನಮ್ಮ ಸೇತುವೆಯನ್ನು ಕಾಣದೆ ಒಬ್ಬರನ್ನೊಬ್ಬರು ಹಾದುಹೋಗುತ್ತಿದ್ದೆವು.

ಕಷ್ಟವಾದದ್ದು ಹುಡುಗರು ರಜೆಗೆ ಬಂದಾಗ. ಆ ಕಾಗದ ಬರುವ ಮೊದಲೇ ಅವರು ಸೈನ್ಯಕ್ಕೆ ಹೋಗಿದ್ದರು, ಆಗಲೇ ಅವರವರ ಮನೆಯ ಲೆಕ್ಕದಲ್ಲಿ ಒಂದು ಕಡಿಮೆ ಮಾಡಿದ್ದೆ. ಮುಂಚೂಣಿಗೆ ಹೊರಡುವ ಮೊದಲು ಐದು ದಿನ ರಜೆ ಸಿಕ್ಕಿ ನಲವತ್ತು ಹುಡುಗರು ಮನೆಗೆ ಬಂದರು. ಅಂಕಿ ಹೆಚ್ಚಿಸಬೇಕೆಂದರೆ ಸೈನಿಕರ ಬರುವಿಕೆಯನ್ನು ಅಚ್ಚು ಮಾಡಿದಂತೆ. ಒಬ್ಬ ತಾಯಿಯೂ ಕೇಳಲಿಲ್ಲ. ನಲವತ್ತು ಮನೆಯಲ್ಲಿ ಐದು ದಿನ ಕಾಣದ ಬಾಯಿಗಳು ಉಂಡವು, ಕಾಣದ ಗಂಟಲುಗಳು ನಕ್ಕವು. ಬಾಳವ್ವ ಮಗನ ತಲೆಗೆ ಎಣ್ಣೆ ಒತ್ತುವುದನ್ನು ನಾನು ಕಂಡೆ: ಎರಡು ಕೈಗಳು ಗಾಳಿಯಲ್ಲಿ ಗುಂಡಗೆ ತಿರುಗುತ್ತಿದ್ದವು. "ಮಾಸ್ತರ, ಇವನಿಗೆ ಗಡ್ಡ ಬಂದೈತಿ ನೋಡ್ರಿ" ಎಂದಳು. ಆಮೇಲೆ, ನೋಡಲಾಗದೆಂಬುದು ನೆನಪಾಗಿ, ಮತ್ತೆ ಎಣ್ಣೆಯ ಬಟ್ಟಲಿಗೆ ಬೆರಳದ್ದಿದಳು. ಐದನೆಯ ದಿನ ಹುಡುಗರು ಹೋದರು. ಅಗಸೆಯ ತನಕ ಕಳಿಸಲು ಹೋದ ಹೆಂಗಸರು ಯಾವ ಕಡೆಗೆ ಕೈ ಬೀಸಬೇಕೆಂದು ತಿಳಿಯದೆ ಸದ್ದು ಬಂದ ಕಡೆಗೆಲ್ಲ ಬೀಸಿದರು.

ಕಾಶವ್ವನ ಮಗ ಗದಿಗೆಪ್ಪ ಮಾತ್ರ ಆ ರಜೆಗೆ ಬಂದಿರಲಿಲ್ಲ. ಕಾಶವ್ವ ಊರಾಚೆಯ ಹೊಲದಂಚಿನಲ್ಲಿ ರೊಟ್ಟಿ ಬಡಿದು ಮಾರುವವಳು, ವಿಧವೆ. ಅವಳ ಮನೆಯ ಸಾಲು ಪಟ್ಟಿಯಲ್ಲಿ ಅತ್ಯಂತ ಚಿಕ್ಕದು: ಕಾಶವ್ವನ ಮನೆ, ೧.

ಹುಡುಗರು ಹೋದ ಮುಂದಿನ ಭಾನುವಾರ ಸಂಜೆ ಒಂದು ಭೋರ್ಗರೆತ ಎಂದಿನಂತೆ ಸುತ್ತು ಹಾಕದೆ ಕೆಮ್ಮಿತು, ಕೆಳಗಿಳಿಯಿತು, ಊರಾಚೆಯ ಜೋಳದ ಹೊಲದಲ್ಲಿ ಭೂಮಿ ನಡುಗುವಂತೆ ಬಿತ್ತು. ಹೋಗಿ ನೋಡಿದರೆ ಏನೂ ಇಲ್ಲ. ಅರ್ಧ ಎಕರೆ ಜೋಳ ಮಲಗಿತ್ತು, ಸುಟ್ಟ ಎಣ್ಣೆಯ ವಾಸನೆ ಇತ್ತು, ಕೋಲು ಚಾಚಿದರೆ ಬಿಸಿ ಲೋಹ ಠಣ್ ಎನ್ನುತ್ತಿತ್ತು. ಬಿದ್ದ ವಿಮಾನವೂ ಕೋರಿಕೆಯ ಪಟ್ಟಿಯಲ್ಲಿತ್ತು. ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ ಎಲ್ಲರೂ ಮನೆಗೆ ಬಂದರು.

ಬುಧವಾರ ಬೆಳಗ್ಗೆ ಕಾಶವ್ವ ಪ್ರೆಸ್ಸಿಗೆ ಬಂದಳು. ಕೈಗೆ ಹಿಟ್ಟು ಹಾಗೇ ಇತ್ತು. "ನೇಮಣ್ಣಾರ, ನಮ್ಮ ಮನಿ ಎರಡು ಅಂತ ಹಾಕ್ರಿ. ಗದಿಗೆಪ್ಪ ಬಂದಾನ."

ನೇಮಣ್ಣನವರು ಕನ್ನಡಕ ತೆಗೆದರು. "ಬಾಳ ಛಲೋ ಆತು. ಆದರ ಕಾಶವ್ವಾ, ನಿನಗ ಗೊತ್ತೈತಿ."

"ಗೊತ್ತೈತ್ರಿ. ತೊಡ್ಯಾಗ ಲೋಹದ ಚೂರು ಹೊಕ್ಕೈತಿ. ಮಾತಾಡೂದಿಲ್ಲ, ನರಳತಾನ. ಮೈ ಕೆಂಡ ಆಗೈತಿ. ಡಾಕ್ಟರಬಾಯಿ ಕಾಣದ ಕೈ ಹಚ್ಚೂದಿಲ್ಲಂತ."

ಹೋಗಿ ಮುಟ್ಟಿ ನೋಡುವುದು ನನ್ನ ಕೆಲಸ. ಹೋದೆ. ಹಟ್ಟಿಯ ಮೂಲೆಯಲ್ಲಿ ಡಾಕ್ಟರ್ ಎಸ್ತರಬಾಯಿ ಬರಿಯ ಚಾಪೆಯೊಂದರ ಎದುರು ಮೊಣಕಾಲೂರಿ ಕೂತಿದ್ದರು. ಚಾಪೆ ನಡುವೆ ತಗ್ಗಾಗಿತ್ತು. ಉಸಿರು ಕೇಳುತ್ತಿತ್ತು, ಕೊಳೆಯುವ ಮಾಂಸದ ಸಿಹಿ ವಾಸನೆ ಬರುತ್ತಿತ್ತು. "ಚೂರು ದೊಡ್ಡ ರಕ್ತನಾಳದ ಪಕ್ಕದಲ್ಲೇ ಇದೆ, ನಾಡಿ ಬೆರಳಿಗೆ ಬಡಿಯುತ್ತಿದೆ" ಎಂದರು ಅವರು. "ಕಾಣದೆ ಕತ್ತರಿಸಿದರೆ ನಾನೇ ಕೊಂದಂತೆ. ಎಲ್ಲೆ ದಾಟಿಸಿ ಆಚೆ ಮಾಡೋಣವೆಂದರೆ ಎಂಟು ಮೈಲಿ ಗಾಡಿಯ ಕುಲುಕಿಗೆ ನಾಳ ಹರಿಯುತ್ತದೆ. ಶುಕ್ರವಾರ ಬೆಳಗಿನ ತನಕ ತಡೆದಾನು. ಅದರಾಚೆ ಇಲ್ಲ."

ನಾನು ಕೈ ಚಾಚಿದೆ. ಹಣೆ, ಬೆವರಿಗೆ ಅಂಟಿದ ಕೂದಲು. ಕೊರಳಿನ ತನಕ ಗುಂಡಿ ಹಾಕಿದ ಅಂಗಿ. ಅದರ ಒಳಗೆ ಕುರಿಯ ತುಪ್ಪಟದಂಥ ದಪ್ಪ ಅಸ್ತರಿ. ಎತ್ತರದ ಚಳಿಗೆ ಹೊಲಿಸಿದ ಅಂಗಿ ಅದು, ನೆಲದಲ್ಲಿ ನಡೆಯುವ ಸೈನಿಕನದಲ್ಲ. ಆಮೇಲೆ ಎಡಗೈ ಸಿಕ್ಕಿತು. ಗದಿಗೆಪ್ಪನ ಎಡಗೈಯ ಕಿರುಬೆರಳಿನ ತುದಿ ಚಿಕ್ಕಂದಿನಲ್ಲೇ ಬಾಳವ್ವನ ಗಾಣಕ್ಕೆ ಸಿಕ್ಕಿ ಹೋಗಿತ್ತು, ಊರಿಗೆಲ್ಲ ಗೊತ್ತಿದ್ದ ಸಂಗತಿ. ನಾನು ಒಂದೊಂದೇ ಬೆರಳು ಹಿಡಿದು ತುದಿಯ ತನಕ ಹೋದೆ. ಐದೂ ಪೂರ್ತಿಯಾಗಿದ್ದವು. ಐದನೆಯದನ್ನು ಮತ್ತೊಮ್ಮೆ ನೋಡಿದೆ. ಆ ಬೆರಳು ನನ್ನ ಬೆರಳನ್ನು ಸುತ್ತಿ ಹಿಡಿದುಕೊಂಡಿತು.

ಕಾಶವ್ವನ ಕಡೆ ತಿರುಗಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಲಯ ತಪ್ಪಲಿಲ್ಲ. "ಎರಡು ಜನ ಅದೀವಲ್ಲ ಮಾಸ್ತರ? ಮುಟ್ಟಿ ನೋಡಿದ್ರಿ. ಎರಡ ಅಲ್ಲೇನು?" ಎಂದಳು.

"ಎರಡೇ" ಎಂದೆ. ಅದರಲ್ಲಿ ಸುಳ್ಳಿರಲಿಲ್ಲ.

ಪ್ರೆಸ್ಸಿಗೆ ಮರಳಿ ನೇಮಣ್ಣನವರಿಗೆ ಕಂಡದ್ದನ್ನು, ಎಂದರೆ ಮುಟ್ಟಿದ್ದನ್ನು, ಪೂರ್ತಿ ಹೇಳಿದೆ. ಪಕ್ಕದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹುಸೇನಸಾಬರ ಕೈ ನಿಂತಿತು.

"ನಮ್ಮ ಹುಡುಗ ಆಗಿದ್ರ ಇಲ್ಲ ಅಂತಿದ್ದೆ" ಎಂದರು ನೇಮಣ್ಣನವರು. "ನಲವತ್ತು ತಾಯಂದಿರು ಬಾಯಿ ಮುಚ್ಚಿಕೊಂಡು ಮಾತು ಉಳಿಸ್ಯಾರ. ಈಗ ವೈರಿ ಸಲುವಾಗಿ ಹೌದು ಅಂದ್ರ ಅವರ ಮುಂದ ಯಾವ ಮಾರಿ ಇಟ್ಟುಕೊಂಡು ನಿಲ್ಲಲಿ?"

"ಇಲ್ಲ ಅಂದರೆ ಸಾಯುತ್ತಾನೆ."

"ಅದೂ ಗೊತ್ತೈತಿ. ಯಾರರೆ ಬಂದು ಮಾಡು ಅಂತ ಹುಕುಂ ಮಾಡಿದ್ರ ಎಷ್ಟು ಹಗುರ ಇತ್ತು ಮಾಸ್ತರ. ಮಾಡಬ್ಯಾಡ ಅಂತ ಹುಕುಂ ಮಾಡಿದ್ರೂ ಹಗುರ ಇತ್ತು." ಅವರು ಎದ್ದು ಅಂಗಳಕ್ಕೆ ಹೋಗಿ ಬಂದರು. "ಮಾತು ನಾನೊಬ್ಬನ ಕೊಟ್ಟಿಲ್ಲ. ನಾನೊಬ್ಬನ ಮುರಿಯಾಕ ಬರೂದಿಲ್ಲ. ಕರೀರಿ ಎಲ್ಲಾರನೂ."

ಗುರುವಾರ ಮಧ್ಯಾಹ್ನ ನಲವತ್ತು ಮನೆಯ ತಾಯಂದಿರು ಅಂಗಳದಲ್ಲಿ ಕೂತರು. ಕಾಶವ್ವ ಒಂದು ಕಡೆ ಗೋಡೆಗೆ ಒರಗಿ ನಿಂತಿದ್ದಳು. ಗದಿಗೆಪ್ಪ ಗಾಯವಾಗಿ ಬಂದಿದ್ದಾನೆಂಬ ಸುದ್ದಿ ಆಗಲೇ ಹಬ್ಬಿದ್ದರಿಂದ ಕೆಲವರು ಅವಳ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರು. ನೇಮಣ್ಣನವರು ನನಗೆ ಸನ್ನೆ ಮಾಡಿದರು. ತಾಯಿಯೊಬ್ಬಳ ಎದುರು, ನಿನ್ನ ಮನೆಯಲ್ಲಿರುವವನು ನಿನ್ನ ಮಗನಲ್ಲ ಎಂದು ಹೇಳಬೇಕಾದ ಕೆಲಸ ನನ್ನದಾಯಿತು. ಬೆರಳಿನ ವಿಷಯ ಹೇಳಿದೆ, ಅಂಗಿಯ ಅಸ್ತರಿ ಹೇಳಿದೆ, ಹೊಲದಲ್ಲಿ ಬಿದ್ದ ವಿಮಾನದ ಹೆಸರು ತೆಗೆಯುವ ಮೊದಲೇ ಎಲ್ಲರಿಗೂ ಅರ್ಥವಾಗಿತ್ತು. ಕಾಶವ್ವ ಬೀಳುತ್ತಾಳೇನೋ ಎಂದು ಇಬ್ಬರು ಅವಳ ಹತ್ತಿರ ಸರಿದರು.

"ನನಗ ಗೊತ್ತಿತ್ತು" ಎಂದಳು ಅವಳು.

ಹಿಡಿಯಲು ಬಂದವರ ಕೈಗಳನ್ನು ಅವಳೇ ಸರಿಸಿದಳು.

"ಮೊದಲ ದಿನ ಗೊತ್ತಿರಲಿಲ್ಲ. ಹಟ್ಟ್ಯಾಗ ಯಾರೋ ನರಳಿದ್ರು, ಊರಿಗೆ ಹೊಸದಾಗಿ ಬಂದೋರು ಇರಬೇಕು ಅಂತ ಗೆಜ್ಜಿ ಕಟ್ಟಿ ನೀರು ಕುಡಿಸಿದೆ. ಕಾಣದೋರನ್ನ ಹೆಸರು ಕೇಳೂದು ಹೆಂಗ? ಮರುದಿನ ಕಾಲು ತೊಳಿಯಾಕ ಹೋದೆ. ಹೆತ್ತಾಕಿಗೆ ಮಗನ ಪಾದ ತಿಳಿಯೂದಿಲ್ಲೇನು? ಅಷ್ಟೊತ್ತಿಗೆ ಆಗಲೇ ನಾಲ್ಕು ಸಲ ಉಣಿಸಿದ್ದೆ."

ಬಾಳವ್ವ ಎದ್ದು ನಿಂತಳು. ಅವಳ ಧ್ವನಿ ಏರಲಿಲ್ಲ, ಅದಕ್ಕೇ ಎಲ್ಲರೂ ಉಸಿರು ಹಿಡಿದು ಕೇಳಿದರು. "ನನ್ನ ಮಗ ಐದು ದಿನ ಮನ್ಯಾಗ ಇದ್ದ. ಗಡ್ಡ ಬಂದೈತಿ ಅಂವಗ. ನಾ ಅವನ ಮಾರಿ ನೋಡ್ಲಿಲ್ಲ ಕಾಶವ್ವಾ. ಬೆರಳಿಲೆ ನೋಡಿದೆ. ಮಾತು ಕೊಟ್ಟೀವಿ ಅಂತ ಬೆರಳಿಲೆ ನೋಡಿ ಕಳಿಸಿದೆ. ಇನ್ನ ಬರ್ತಾನೋ ಇಲ್ಲೋ. ಈಗ ಅವನ ಮ್ಯಾಲ ಬಾಂಬ್ ಹಾಕಾಕ ಬಂದಾವನ ಮಾರಿ ನಾವೆಲ್ಲಾ ನೋಡಬೇಕೇನು?"

ಕಾಶವ್ವ ಗೋಡೆ ಬಿಟ್ಟು ಬಾಳವ್ವನ ಎದುರಿಗೆ ಬಂದಳು.

"ನಿನ್ನ ಮಗ ಕಾಲು ಕೊಳೆತು ಬಿದ್ದಿದ್ರ," ಎಂದಳು ಕಾಶವ್ವ, "ನಾನ ಮೊದಲು ಬಂದು ಹಾಕ್ರಿ ಅಂತ ಈ ಹೊಸ್ತಿಲಿಗೆ ತಲಿ ಬಡಕೋತಿದ್ದೆ. ನನ್ನಾಂವ ಎಲ್ಲಿ ಬಿದ್ದಾನೋ. ಅಲ್ಲಿ ಯಾರು ಪಟ್ಟಿ ಬರೀತಾರೋ. ಅಲ್ಲೂ ಒಬ್ಬಾಕಿ ರೊಟ್ಟಿ ಬಡೀತಿರಬೇಕು, ಎರಡು ಅಂತ ಹಾಕ್ರಿ ಅಂತ ಯಾರನರೆ ಕೇಳಬೇಕು ಅಂತ ನನಗ ಆಸೆ. ಅಷ್ಟ. ನೀವು ಬ್ಯಾಡ ಅಂದ್ರ ಬ್ಯಾಡ. ಅವನ್ನ ಕಾಣದಂಗ ಮಣ್ಣು ಮಾಡ್ತೀನಿ."

ನೇಮಣ್ಣನವರು ಹೇಳಿದರು: "ಗಾಯ ಮಾಗಿದ ಮ್ಯಾಲ ದಂಡಿನ ಛಾವಣಿಯವರಿಗೆ ನಾನ ಹೇಳಿಕಳಸ್ತೀನಿ. ಕೈದಿ ಕೈದಿ ಆಗಿ ಹೋಗ್ತಾನ. ಒಂದ ವಾರ, ಒಂದ ಅಂಕಿ. ಕೈ ಎತ್ತಸೂದಿಲ್ಲ ನಾನು. ಒಬ್ಬರು ಬ್ಯಾಡ ಅಂದ್ರೂ ಬ್ಯಾಡ." ಅವರು ಬಾಳವ್ವನ ಕಡೆ ನೋಡಲಿಲ್ಲ. ಉಳಿದವರೆಲ್ಲ ನೋಡಿದರು.

ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಾಕ್ರಿ" ಎಂದಳು. "ಆದರ ನಾನೂ ಬರ್ತೀನಿ ನಾಳೆ. ಅಂವ ಕಾಣೂ ಹೊತ್ತಿಗೆ ನಾ ಅಲ್ಲೇ ಇರಬೇಕು." ಆ ಮಾತಿನಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ. ಹುಸೇನಸಾಬರು ಸಾಲಿನಿಂದ ಒಂದು ಮೊಳೆ ತೆಗೆದು, ಪೆಟ್ಟಿಗೆಯಿಂದ ಇನ್ನೊಂದು ಆರಿಸಿ ಆ ಜಾಗಕ್ಕೆ ಇಟ್ಟರು. ಅಕ್ಕಿ ಕಾಳಿನಷ್ಟು ಸೀಸ. ಇಟ್ಟ ಮೇಲೆ ಅವರು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡು, "ಇಷ್ಟು ದೊಡ್ಡ ಅಂಕಿ ನಾ ಎಂದೂ ಕೂಡಿಸಿಲ್ಲ ಮಾಸ್ತರ" ಎಂದರು.

ಶುಕ್ರವಾರ ನಸುಕಿಗೆ ನಾನು ಹಟ್ಟಿಗೆ ಹೋದಾಗ ಬಾಗಿಲಿನಾಚೆ ಹೆಂಗಸರು ಸಾಲಾಗಿ ನಿಂತಿದ್ದರು. ಬಾಳವ್ವ ಒಳಗೆ, ಚಾಪೆಯ ತಲೆಯ ಕಡೆ ನಿಂತಿದ್ದಳು. ಎರಡು ಕೈಗಳನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ನನಗೆ ಆ ಕೈಗಳದೇ ಭಯ. ಎಸ್ತರಬಾಯಿ ಕುದಿಸಿದ ಕತ್ತರಿ ಚಾಕುಗಳನ್ನು ಬಿಳಿ ಬಟ್ಟೆಯ ಮೇಲೆ ಹರವಿ, ಬರಿಯ ಚಾಪೆಯ ಕಡೆ ಕಣ್ಣು ನೆಟ್ಟು ಕೂತಿದ್ದರು. ಗಡಿಯಾರ ನನ್ನ ಅಂಗೈಯಲ್ಲಿತ್ತು. ಉಸಿರು ಈಗ ಬಹಳ ಮೆಲ್ಲಗೆ ಕೇಳುತ್ತಿತ್ತು, ನಡುನಡುವೆ ಕೇಳುತ್ತಲೇ ಇರಲಿಲ್ಲ. ಐದೂ ನಲವತ್ತೆಂಟು. ಐದೂ ನಲವತ್ತೊಂಬತ್ತು.

ಅವನು ಕಂಡ.

ಹನ್ನೊಂದು ವರ್ಷದಲ್ಲಿ ನಾನು ನೂರಾರು ಜನ ಕಾಣುವುದನ್ನು ಕಂಡಿದ್ದೇನೆ, ಕೂಸುಗಳನ್ನು, ಸೊಸೆಯರನ್ನು. ಬೆಳಕು ಮೂಡಿದ ಹಾಗಲ್ಲ ಅದು, ಪರದೆ ಸರಿದ ಹಾಗೂ ಅಲ್ಲ. ಮರೆತ ಹೆಸರೊಂದು ನೆನಪಿಗೆ ಬಂದ ಹಾಗೆ: ಬಂದ ಮೇಲೆ, ಇದು ಇಲ್ಲೇ ಇತ್ತಲ್ಲ ಎನ್ನಿಸುತ್ತದೆ. ಕಾಶವ್ವನ ಹರಕು ಚಾಪೆಯ ಮೇಲೆ ಇಪ್ಪತ್ತು ಇಪ್ಪತ್ತೊಂದರ ಹುಡುಗ ಮಲಗಿದ್ದ. ಒಡೆದ ತುಟಿ. ಗಲ್ಲದ ಮೇಲೆ ಎಳೆಯ ಗಡ್ಡ, ಅಲ್ಲಲ್ಲಿ ಖಾಲಿ ಬಿಟ್ಟು ಬೆಳೆದದ್ದು. ತೊಡೆ ಕಪ್ಪಾಗಿ ಊದಿತ್ತು. ಅವನು ಕಣ್ಣು ತೆರೆದ. ಐದು ದಿನ ಎಲ್ಲರ ಕಣ್ಣುಗಳೂ ಅವನನ್ನು ಹಾದು ಹಿಂದಿನ ಗೋಡೆಗೆ ಹೋಗುತ್ತಿದ್ದವು. ಈಗ ಅವೇ ಕಣ್ಣುಗಳು ಅವನ ಮೇಲೆ ಬಂದು ನಿಂತವು. ಅವನಿಗೆ ಅದು ತಿಳಿಯಿತು. ಕೈ ಎತ್ತಿ ಮುಖ ಮುಚ್ಚಿಕೊಂಡ.

ಬಾಗಿಲಲ್ಲಿದ್ದ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ನೆಲ ನೋಡತೊಡಗಿದರು. ಯಾರೂ ಹೇಳಿರಲಿಲ್ಲ. ನೋಡಲೆಂದೇ ಬಂದವರು ನೋಡದೆ ನಿಂತರು. ನಾನೂ ಗಡಿಯಾರದ ಕಡೆ ತಿರುಗಿದೆ. ಎಸ್ತರಬಾಯಿ ಚಾಕು ಎತ್ತಿಕೊಂಡು, "ಯಾರಾದರೂ ತಲೆ ಹಿಡೀರಿ. ಮಂಪರು ಬರಿಸುವ ಔಷಧಿ ಸಾಲದು, ಎಚ್ಚರ ಇರ್ತಾನೆ" ಎಂದರು.

ಬಾಳವ್ವನ ಕೈಗಳು ಸೆರಗಿನಿಂದ ಹೊರಬಂದವು. ಬರಿಗೈ. ಅವಳು ಕೂತು ಅವನ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. ಅವನ ಮಣಿಕಟ್ಟು ಹಿಡಿದು ಮುಖದಿಂದ ಕೈ ತೆಗೆದಳು. ಅವನು ಬಿಡಿಸಿಕೊಳ್ಳಲು ಒದ್ದಾಡಿದ.

"ಬಾಳವ್ವಾ, ಹೆದರ್ಯಾನ ಅಂವ, ನೋಡಬ್ಯಾಡ" ಎಂದಳು ಕಾಶವ್ವ.

"ನೋಡ್ತೀನಿ ನಾನು" ಎಂದಳು ಬಾಳವ್ವ. "ಐದು ದಿನದ್ದು ನೋಡೂದು ಹಂಗ ಉಳದೈತಿ ನನ್ನ ಕಣ್ಣಾಗ. ಎಲ್ಲಿ ಇಡಲಿ ಅದನ್ನ?"

ಅವಳು ಬಾಗಿ ಅವನ ಮುಖ ನೋಡಿದಳು. ಹಣೆ, ಹುಬ್ಬು, ಮೂಗು, ಆ ಗಡ್ಡ, ಒಂದನ್ನೂ ಬಿಡದೆ. ಎಸ್ತರಬಾಯಿಯ ಚಾಕು ಇಳಿಯಿತು. ಹುಡುಗ ಕೂಗಿದ, ಯಾವ ಭಾಷೆಯೋ. ಅವನ ಕಣ್ಣುಗಳು ಸೂರು, ಗೋಡೆ, ಬಾಗಿಲು ಎಂದು ಅಲೆದು ಅಲೆದು ಕೊನೆಗೆ ಬಾಳವ್ವನ ಕಣ್ಣಿಗೆ ಬಂದು ಹಿಡಿದುಕೊಂಡವು. ಅಲ್ಲಿಂದ ಕದಲಲಿಲ್ಲ. ಅವಳೂ ಕದಲಲಿಲ್ಲ. ನಲವತ್ತೇಳು ನಿಮಿಷ. ಚೂರು ಹೊರಬಂದು ಬಟ್ಟಲಿಗೆ ಬಿದ್ದು ಸದ್ದಾಯಿತು. ಎಸ್ತರಬಾಯಿ ಹೊಲಿದು, ಕಟ್ಟು ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, "ಬದುಕಿದ" ಎಂದರು. ಕಾಶವ್ವ ನಿಂತಲ್ಲೇ ಕುಸಿದು ಕೂತು ಅತ್ತಳು. ಬಾಳವ್ವ ಆ ಮಾತು ಕೇಳಿದಂತೆ ಕಾಣಲಿಲ್ಲ. ಬಾಗಿಲಾಚೆ ಬಿಸಿಲೇರಿತು, ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು, ಹುಡುಗನಿಗೆ ನಿದ್ದೆ ಹತ್ತಿ ಕಣ್ಣು ಮುಚ್ಚಿದವು. ಅವಳು ಇನ್ನೂ ನೋಡುತ್ತಲೇ ಇದ್ದಳು.